ಭಾಲ್ಕಿಗೆ ಬರುವ ಗಾಡಿ

ಬೀದರ ಡಿಪೊದಲ್ಲಿ ಕಂಡಕ್ಟರ್ ಮಚ್ಛೇಂದ್ರನ ಹೆಸರು ಬಂದರೆ ಜನ ಮೊದಲು ನಗುತ್ತಿದ್ದರು, ಆಮೇಲೆ ಮಾತು ಮುಂದುವರಿಸುತ್ತಿದ್ದರು. ನಗದೆ ಏನು ಮಾಡಿಯಾರು? ಹಗಲೆಲ್ಲ ಬೀದರ–ಔರಾದ ಬಸ್ಸಿನಲ್ಲಿ ನಿಂತು, ಸೀಟಿ ಊದಿ, ಟಿಕೆಟ್ ಕೊಟ್ಟು, ಗಂಟಲು ಹರಿದುಕೊಂಡ ಮನುಷ್ಯ ಮನೆಗೆ ಹೋಗಿ ಕಾಲು ಚಾಚಬೇಕು. ಈತ ಬೀದರದ ಅಂಚಿನ ಚಿದ್ರಿಯ ಮನೆ ಸೇರಿದ್ದೇ ತಡ, ಕೈಕಾಲು ತೊಳೆದು ಕಂಪ್ಯೂಟರ್ ಮುಂದೆ ಕೂತು ರೈಲು ಓಡಿಸುತ್ತಿದ್ದ. ಬಸ್ಸಿನ ಅನ್ನ ಉಂಡು ರೈಲಿನ ಕನಸು ಕಾಣುವವನೆಂದು ಡಿಪೊದವರು ಅವನಿಗೆ ‘ಸ್ಟೇಷನ್ ಮಾಸ್ತರ’ ಎಂದೇ ಹೆಸರಿಟ್ಟಿದ್ದರು.

ಆ ಆಟ ಅವನ ಮನೆಗೆ ಬಂದದ್ದು ತಾನಾಗಿಯೇ. ಮಗಳ ಓದಿಗೆಂದು ತಂದ ಹಳೆಯ ಕಂಪ್ಯೂಟರಿನಲ್ಲಿ ಹಿಂದಿನ ಮಾಲೀಕ ಅಳಿಸಲು ಮರೆತ ರೈಲು ಸಿಮ್ಯುಲೇಟರ್ ಒಂದಿತ್ತು. ಎಂಜಿನ್ನಿನಲ್ಲಿ ಕೂತ ಡ್ರೈವರ್ ಏನೇನು ಮಾಡುತ್ತಾನೋ ಅದನ್ನೆಲ್ಲ ಕೀಬೋರ್ಡಿನಿಂದ ಮಾಡುವ ಆಟ ಅದು. ಮಗಳು ಕಲಬುರಗಿಯ ಹಾಸ್ಟೆಲ್ಲಿಗೆ ಹೋದಳು, ಕಂಪ್ಯೂಟರ್ ಅಪ್ಪನ ಪಾಲಿಗೆ ಉಳಿಯಿತು. ಒಂದು ಸಂಜೆ ಸುಮ್ಮನೆ ಯಾವುದೋ ಗುಂಡಿ ಒತ್ತಿದ. ಎಂಜಿನ್ ಗುಡುಗಿತು. ಮುಂದೆ ಹಳಿ, ಹಿಂದೆ ಉದ್ದಕ್ಕೆ ಡಬ್ಬಿಗಳು, ದೂರದಲ್ಲಿ ಹಸಿರು ದೀಪ. ಅಂದಿನಿಂದ ಅವನಿಗೆ ಹುಚ್ಚು ಹಿಡಿಯಿತು.

ಹೆಂಡತಿ ಶಾಲುಬಾಯಿ ಎರಡು ದಿನ ನೋಡಿದಳು, ಮೂರನೆಯ ದಿನ ಕೇಳಿಯೇಬಿಟ್ಟಳು. “ಇದರಾಗ ಯಾರೂ ಸಾಯೂದಿಲ್ಲ, ಯಾರೂ ಗೆಲ್ಲೂದಿಲ್ಲ. ಇದ್ಯಾವ ಆಟರಿ?”

“ನಿಂದರಸೂದೇ ಆಟ ನೋಡು” ಎಂದ ಮಚ್ಛೇಂದ್ರ, ಕಣ್ಣು ಪರದೆಯಿಂದ ತೆಗೆಯದೆ. “ಉಸ್ಮಾನ ಭಾಯಿ ಮುಂದ ಎಮ್ಮಿ ಬಂತಂದ್ರ ಸ್ಟೇರಿಂಗ್ ತಿರುವ್ತಾನ. ಇಲ್ಲಿ ತಿರುವಲಿಕ್ಕ ಏನೂ ಇಲ್ಲ. ಬಿಡೂದು, ನಿಂದರಸೂದು, ಎರಡೇ. ಸ್ಟೇಷನ್ ಕಾಣಸೂದಕ್ಕಿಂತ ಮೊದಲೇ ಬ್ರೇಕ್ ಹಿಡೀಬೇಕು. ಜರಾ ತಡ ಆದ್ರ ಪ್ಲಾಟ್‌ಫಾರ್ಮ್ ದಾಟಿ ಹೋಗ್ತದ. ಜರಾ ಜಲ್ದಿ ಆದ್ರ ಹಿಂದಿನ ಡಬ್ಬಿ ಮಂದಿ ಜಾಲಿಗಿಡದಾಗ ಇಳೀಬೇಕಾಗ್ತದ.”

“ಹೌದಾ?” ಎಂದು ಶಾಲುಬಾಯಿ ಕುರ್ಚಿ ಎಳೆದುಕೊಂಡಳು. ಗಾಡಿ ಸರಿಯಾದ ಗುರುತಿನಲ್ಲಿ ಬಂದು ಮೆತ್ತಗೆ ನಿಂತಾಗ ತಾನೂ ಉಸಿರು ಹಿಡಿದಿದ್ದೆ ಎನ್ನುವುದು ಅವಳಿಗೇ ತಿಳಿದು ನಾಚಿಕೆಯಾಯಿತು. ಒಲೆಯ ಮೇಲಿನ ಬೇಳೆ ಅಷ್ಟರಲ್ಲಿ ತಳ ಹಿಡಿದಿತ್ತು.

ಮಚ್ಛೇಂದ್ರನ ಬಸ್ಸಿನ ಡ್ರೈವರ್ ಉಸ್ಮಾನ ಮಿಯಾಗೆ ಮಾತ್ರ ಇದನ್ನು ಕಂಡರೆ ಆಗುತ್ತಿರಲಿಲ್ಲ. ಕಾಲಿನ ಕೆಳಗೆ ನಡುಗದ್ದು ಗಾಡಿಯೇ ಅಲ್ಲ ಎಂದು ಅವನ ವಾದ. ಅವನ ನಗೆಚಾಟಿಕೆಗೆ ಮಚ್ಛೇಂದ್ರ ತಾನೇ ಬೇಕಾದಷ್ಟು ಮೇವು ಹಾಕಿದ. ಔರಾದ ರಸ್ತೆಯ ಬಸ್ಸಿಗೆ ನಿಲ್ದಾಣ ಎನ್ನುವುದು ಹೆಸರಿಗೆ ಮಾತ್ರ. ಹೊಲದ ಬದುವಿನಲ್ಲಿ, ಗುಡಿಯ ಕಟ್ಟೆಯ ಹತ್ತಿರ, ಬೇವಿನ ಗಿಡದ ಕೆಳಗೆ ಯಾರು ಕೈ ಮಾಡಿದರೂ ಬಸ್ಸು ನಿಲ್ಲಬೇಕು. ನಿಲ್ಲಿಸದಿದ್ದರೆ ಮರುದಿನ ಆ ಊರಿನಲ್ಲಿ ಕಂಡಕ್ಟರನಿಗೆ ಚಹಾ ಕೂಡ ಹುಟ್ಟುವುದಿಲ್ಲ. ಕೈ ಕಂಡ ಕೂಡಲೇ “ಹೋಲ್ಡಾನ್” ಎನ್ನುವುದು ಇಷ್ಟು ವರ್ಷದಲ್ಲಿ ಮಚ್ಛೇಂದ್ರನ ನರಕ್ಕೇ ಇಳಿದುಹೋಗಿತ್ತು. ಆಟದ ರೈಲಿನಲ್ಲೂ ಅದೇ ಆಯಿತು. ಹಳಿಯ ಪಕ್ಕದಲ್ಲಿ ಚಿತ್ರದ ಮನುಷ್ಯ ಯಾರಾದರೂ ಕೈ ಎತ್ತಿ ನಿಂತಿದ್ದರೆ ಸಾಕು, ಇವನು ಎಕ್ಸ್‌ಪ್ರೆಸ್ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿಬಿಡುತ್ತಿದ್ದ. ಆಟ ಅಂಕ ಕಳೆಯುತ್ತಿತ್ತು.

“ಅರೆ ಭಾಯಿ, ಅದೇನು ಔರಾದ ಗಾಡಿ ಏನು, ಕೈ ಮಾಡ್ದಲ್ಲಿ ನಿಂದರಲಿಕ್ಕ?” ಎಂದು ಉಸ್ಮಾನ ಮಿಯಾ ಸಂತಪುರದ ಚಹಾದಂಗಡಿಯಲ್ಲಿ ಎಲ್ಲರೆದುರು ಕೇಳಿದ. “ನಾಳೆ ರಾಜಧಾನಿ ಎಕ್ಸ್‌ಪ್ರೆಸ್ಸಿನಾಗ ಕುರಿ ಹತ್ತಸ್ತಿ ನೀ!”

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಆದರೂ ಮಚ್ಛೇಂದ್ರ ಹಟ ಹಿಡಿದು ಆ ಚಾಳಿ ಬಿಟ್ಟ. ಬಿಟ್ಟೆ ಎಂದು ತಿಳಿದಿದ್ದ.

ಆಟದಲ್ಲಿ ಎಲ್ಲ ದೇಶದ ರೈಲುದಾರಿಗಳೂ ಇದ್ದವು. ಹಿಮದ ಬೆಟ್ಟ, ಸಮುದ್ರದಂಡೆ, ದೊಡ್ಡ ದೊಡ್ಡ ಶಹರಗಳು. ಬೀದರ–ಭಾಲ್ಕಿ ಇರಲಿಲ್ಲ. ಇರುವುದಾದರೂ ಹೇಗೆ? ಅಂಥ ದಾರಿಗಳನ್ನು ಹವ್ಯಾಸಿಗಳೇ ಕೂತು ಕಟ್ಟುತ್ತಾರೆ, ಹಳಿ, ಗೇಟು, ಗಿಡ, ಮನೆ ಒಂದೊಂದನ್ನೇ ಇಡುತ್ತ. ಅದೇ ತಾಲೂಕಿನ ಮೆಹಕರದಲ್ಲಿ ಹುಟ್ಟಿ ಭಾಲ್ಕಿಯಲ್ಲಿ ಸಾಲಿ ಕಲಿತ ಮನುಷ್ಯ ತಾನಲ್ಲದೆ ಇನ್ನಾರು ಕಟ್ಟಬೇಕು ಎಂದು ಮಚ್ಛೇಂದ್ರ ಹೊರಟ. ವಾರದ ರಜೆ ಬಂದರೆ ಸಾಕು, ಪ್ಯಾಸೆಂಜರ್ ಹತ್ತಿ ಕಿಟಕಿಯ ಪಕ್ಕ ಕೂತು ಫೋನಿನಲ್ಲಿ ಫೋಟೊ ಹೊಡೆಯುತ್ತಿದ್ದ. ಖಾನಾಪುರದಲ್ಲಿ ಹಳಿ ಎಲ್ಲಿ ಕವಲೊಡೆಯುತ್ತದೆ, ಹಲಬರ್ಗಾ ಸ್ಟೇಷನ್ನಿನ ಬೋರ್ಡು ಯಾವ ಕಡೆ ಇದೆ, ಬೀದರದ ಕೆಂಪು ಮಣ್ಣು ಎಲ್ಲಿ ಮುಗಿದು ಎರೆಭೂಮಿ ಎಲ್ಲಿ ಸುರುವಾಗುತ್ತದೆ, ಎಲ್ಲವನ್ನೂ ಹಾಗೆಯೇ ಪರದೆಗೆ ಇಳಿಸಿದ. ಒಂದು ಬಾವಿಗಾಗಿ ಗಂಡಹೆಂಡಿರ ನಡುವೆ ಜಗಳವೂ ಆಯಿತು. ಬಾವಿ ನಿಜದಲ್ಲಿ ಒಣಗಿದೆ ಎಂದು ಅವನು ಒಣಗಿಸಿಯೇ ಇಟ್ಟಿದ್ದ.

“ನೀರ ಹಾಕ್ರಿ ಅದರಾಗ” ಎಂದಳು ಶಾಲುಬಾಯಿ. “ನಿಮ್ಮದೇ ಕಂಪ್ಯೂಟರ, ನಿಮ್ಮದೇ ಬಾವಿ. ಅಲ್ಲೂ ಟ್ಯಾಂಕರ್ ತರಸ್ತಿರೇನು?”

ಅವನು ನೀರು ಹಾಕಿದ. ಹಾಕಿದ ಮೇಲೆ ಅವನಿಗೇ ಖುಷಿಯಾಗಿ, ದಾರಿಯುದ್ದಕ್ಕೂ ತೊಗರಿ ಹಸಿರಾಗಿ ನಿಲ್ಲಿಸಿದ. ಒಳ್ಳೆ ಮಳೆಯಾದ ವರ್ಷದ ಭಾಲ್ಕಿ ಅದು.

ಆಗ ಹೊರಗೆ ಮಳೆ ಕೈಕೊಟ್ಟು ಎರಡನೆಯ ವರ್ಷ. ಔರಾದಿಗೆ ರೈಲಿಲ್ಲ, ಹೀಗಾಗಿ ಆ ತಾಲೂಕಿನಿಂದ ದುಡಿಯಲು ಹೊರಟವರೆಲ್ಲ ಮಚ್ಛೇಂದ್ರನ ಬಸ್ಸು ಹತ್ತಿ ಬೀದರ ಸ್ಟೇಷನ್ನಿಗೆ ಬರಬೇಕು. ಹೋಗುವಾಗ ಬಸ್ಸು ಖಾಲಿ, ಬರುವಾಗ ಗಂಟುಗಳಿಂದ ಕಾಲಿಡಲು ಜಾಗವಿಲ್ಲ. ಪುಣೆ, ಹೈದರಾಬಾದ, ಮುಂಬೈ. ಚಿದ್ರಿಯಲ್ಲಿ ಅವನ ಪಕ್ಕದ ಮನೆಯ ಸುಭದ್ರಾಬಾಯಿಯ ಮಗಳು ಕೌಸಲ್ಯಾಳನ್ನು ಔರಾದ ತಾಲೂಕಿಗೆ ಕೊಟ್ಟಿದ್ದರು. ಅವಳೂ ಅವಳ ಗಂಡನೂ ಅವನ ಬಸ್ಸಿನಲ್ಲೇ ಬಂದರು. ಅಂದು ಕೈ ಮಾಡಿದವರಿಗೆಲ್ಲ ನಿಲ್ಲಿಸಿ ನಿಲ್ಲಿಸಿ ಬಸ್ಸು ತಡವಾಗಿತ್ತು. ಚಿದ್ರಿಗೆ ಬಂದು ತಾಯಿಯ ಮುಖ ನೋಡಲು ಪುರುಸೊತ್ತಾಗದೆ ಕೌಸಲ್ಯಾ ಗಂಟು ಹೊತ್ತುಕೊಂಡು ನೆಟ್ಟಗೆ ಪುಣೆಯ ಗಾಡಿಗೆ ಓಡಿದಳು. ಈ ಸುದ್ದಿ ಹೇಳುವ ಪಾಳಿ ಮಚ್ಛೇಂದ್ರನಿಗೇ ಬಂತು. ಸುಭದ್ರಾಬಾಯಿ ಮಗಳಿಗೆಂದು ಮಾಡಿಟ್ಟ ಶೇಂಗಾ ಹೋಳಿಗೆಯನ್ನು ಓಣಿಯವರಿಗೆ ಹಂಚಿದಳು.

ಅಂದಿನಿಂದ ಅವನಿಗೆ ಒಂದೇ ಆಸೆ ಗಟ್ಟಿಯಾಯಿತು. ಇಂಟರ್ನೆಟ್ಟಿನಲ್ಲಿ ರೈಲಾಟದ ಹವ್ಯಾಸಿಗಳ ಕೂಟ ಒಂದಿತ್ತು. ಅವರು ಒಪ್ಪಿದರೆ ಅವನು ಕಟ್ಟಿದ ದಾರಿ ಕೂಟದ ಎಲ್ಲರಿಗೂ ಸಿಗುತ್ತದೆ. ಜಬಲಪುರದವರು, ಮಧುರೈಯವರು, ಎಲ್ಲಿಯವರೋ ತಮ್ಮ ತಮ್ಮ ಮನೆಯಲ್ಲಿ ಕೂತು ಬೀದರದಿಂದ ಭಾಲ್ಕಿಗೆ ಗಾಡಿ ಓಡಿಸುತ್ತಾರೆ. ಬರೀ ಖುಷಿಗಾಗಿ ಓಡಿಸುತ್ತಾರೆ.

“ನಮ್ಮ ಭಾಲ್ಕಿಗೆ ಖುಷಿಲಿಂದ ಬಂದವ್ರು ಯಾರದಾರ ಹೇಳು?” ಎಂದು ಅವನು ಶಾಲುಬಾಯಿಗೆ ಹೇಳಿದ. “ಎಲ್ಲಾರೂ ಹೋಗವ್ರೇ. ಒಂದ್ ಗಾಡಿರೆ ತುಂಬಿ ಬರ್ಲಿ.”

ಕೂಟದ ಪರೀಕ್ಷೆ ಮಾಡುವವನು ಸಿಕಂದರಾಬಾದಿನ ರಶೀದ ಅಹ್ಮದ. ಬೀದರದಲ್ಲೇ ಹುಟ್ಟಿ ಬೆಳೆದು ಅಲ್ಲಿಗೆ ಹೋಗಿ ನೆಲೆಸಿದವನು. ಮಾತು ಮೆತ್ತಗೆ, ನಿಯಮ ಬಿರುಸು. ದಾರಿ ಕಟ್ಟಿದವನೇ ಅದರ ಮೇಲೆ ಗಾಡಿ ಓಡಿಸಿ ತೋರಿಸಬೇಕು, ತಾನು ಸಿಕಂದರಾಬಾದಿನಲ್ಲಿ ಕೂತು ಅದೇ ಹೊತ್ತಿಗೆ ನೋಡುತ್ತಿರುತ್ತೇನೆ, ವೇಳಾಪಟ್ಟಿಯಲ್ಲಿಲ್ಲದ ಜಾಗದಲ್ಲಿ ನಿಂತರೆ ಫೇಲು ಎಂದ. ಒಂದು ದಾರಿಗೆ ಎರಡೇ ಅವಕಾಶ, ಎರಡೂ ಹೋದರೆ ಮುಂದಿನ ವರ್ಷವೇ. ಪರೀಕ್ಷೆಯ ಹಿಂದಿನ ದಿನ ಇನ್ನೊಂದು ಮಾತು ಸೇರಿಸಿದ: “ಹಲಬರ್ಗಾ ಬಿಟ್ಟ ಮ್ಯಾಲ ನಿಮ್ಮ ದಾರಿ ಭಾಳ ಖಾಲಿ ಕಾಣಸ್ತದರಿ. ಗೇಟಿನ ಹತ್ರ ನಾಲ್ಕ್ ಮಂದೀನರೆ ನಿಂದರಸ್ರಿ.”

ಮಚ್ಛೇಂದ್ರ ಗಡಿಬಿಡಿಯಲ್ಲಿ ಯಾರೋ ಹವ್ಯಾಸಿ ಮಾಡಿ ಪುಕ್ಕಟೆ ಬಿಟ್ಟಿದ್ದ ಮನುಷ್ಯರ ಚಿತ್ರಗಳನ್ನು ತಂದು ಭಾಲ್ಕಿಯ ಈಚೆಯ ಗೇಟಿನ ಹತ್ತಿರ ಇಟ್ಟ. ಇಡುವಾಗ ಮೇಲಿನಿಂದ ನೋಡಿದರೆ ಬರೀ ತಲೆಗಳು ಕಾಣುತ್ತವೆ. ಎಂಜಿನ್ನಿನ ಕಿಟಕಿಯಿಂದ ಅವರು ಹೇಗೆ ಕಾಣುತ್ತಾರೆ ಎಂದು ನೋಡಲಿಲ್ಲ. ಅಲ್ಲೇ ಅವನು ಎಡವಿದ್ದು.

ಭಾನುವಾರ ಬೆಳಿಗ್ಗೆ ಚಿದ್ರಿಯ ಆ ಕೋಣೆಯಲ್ಲಿ ಸೂಜಿ ಬಿದ್ದರೆ ನೆಲ ಮುಟ್ಟುವಷ್ಟು ಜಾಗವಿರಲಿಲ್ಲ. ಕರೆಂಟು ನಂಬುವ ಹಾಗಿಲ್ಲ ಎಂದು ಉಸ್ಮಾನ ಮಿಯಾ ತನ್ನ ಮನೆಯ ಇನ್ವರ್ಟರನ್ನೇ ಹೊತ್ತು ತಂದಿದ್ದ. ತಂದವನು “ನೋಡಲಿಕ್ಕ ಬಂದಿಲ್ಲ, ಬ್ಯಾಟ್ರಿ ಕಾಯಲಿಕ್ಕ ಬಂದೀನಿ” ಎಂದು ಮೊದಲನೆಯ ಸಾಲಿನಲ್ಲೇ ಕೂತ. ಟ್ಯಾಂಕರ್ ಬರುವ ತನಕ ಮಾಡಲು ಕೆಲಸವಿಲ್ಲದ ಓಣಿಯ ಹೆಂಗಸರೆಲ್ಲ ಕೊಡ ಹೊರಗಿಟ್ಟು ಒಳಗೆ ಬಂದಿದ್ದರು. ಸುಭದ್ರಾಬಾಯಿ ಬಾಗಿಲಿಗೆ ಒರಗಿ ನಿಂತಿದ್ದಳು.

“ಸುರು ಮಾಡ್ರಿ” ಎಂದಿತು ಸ್ಪೀಕರಿನಲ್ಲಿ ರಶೀದ ಅಹ್ಮದನ ದನಿ.

ಮಚ್ಛೇಂದ್ರ ಹಾರ್ನ್ ಹಾಕಿದ. ಗಾಡಿ ಬೀದರ ಬಿಟ್ಟಿತು. ಎಳೆದ ಹಾಗೆ ಕಾಣದಂತೆ ಎಳೆಯುವುದು ಅವನ ವಿದ್ಯೆ. ಡಬ್ಬಿಯೊಳಗಿನ ಚಹಾ ತುಳುಕಬಾರದು ಎಂದು ತನಗೆ ತಾನೇ ಹಾಕಿಕೊಂಡ ನಿಯಮ. ಕೆಂಪು ಮಣ್ಣು ಎರಡೂ ಕಡೆ ಓಡಿತು. ಖಾನಾಪುರ ಬಂತು, ಗಾಡಿ ಗುರುತಿಗೆ ಸರಿಯಾಗಿ ನಿಂತಿತು. ಯಾರೋ ಚಪ್ಪಾಳೆ ಹೊಡೆದರು, ಶಾಲುಬಾಯಿ ಸುಮ್ಮನಿರಿಸಿದಳು. ಹಲಬರ್ಗಾದಲ್ಲೂ ಹಾಗೇ ನಿಂತಿತು. ನೆಲ ಕಪ್ಪಗಾಯಿತು, ತೊಗರಿಯ ಹಸಿರು ಎದ್ದು ಬಂತು. “ಅಯ್ಯ, ನೀರ ನೋಡ್ರಿ ಬಾವ್ಯಾಗ!” ಎಂದು ಹಿಂದಿನಿಂದ ಒಬ್ಬ ಹೆಂಗಸು ಕೂಗಿದಳು. ಎಲ್ಲರೂ ಬಾವಿ ನೋಡಲು ಮುಂದೆ ಬಾಗಿದರು. ಮಚ್ಛೇಂದ್ರನ ಎದೆ ಕುಣಿಯುತ್ತಿತ್ತು. ಇನ್ನೊಂದು ಗೇಟು, ಆಮೇಲೆ ಭಾಲ್ಕಿ. ಗೆದ್ದೆ ಎಂದುಕೊಂಡ. ಉಸ್ಮಾನ ಮಿಯಾನ ಬಲಗಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತಲು ಸುರುಮಾಡಿದ್ದನ್ನು ಶಾಲುಬಾಯಿ ನೋಡಿ ನಗು ತಡೆದುಕೊಂಡಳು.

ತಿರುವು ಮುಗಿದು ಗೇಟು ಕಂಡಿತು. ಗೇಟಿನ ಹತ್ತಿರ ಜನ. ತಲೆಯ ಮೇಲೆ ಗಂಟು ಹೊತ್ತ ಹೆಂಗಸು, ಪಕ್ಕದಲ್ಲಿ ಅವಳ ಗಂಡ, ಇನ್ನಿಬ್ಬರು. ಎಲ್ಲರೂ ಕೈ ಎತ್ತಿ ಗಾಡಿಯ ಕಡೆಗೇ ನೋಡುತ್ತಿದ್ದರು.

“ಏ ತಮ್ಮಾ!” ಬಾಗಿಲಿನಿಂದ ಸುಭದ್ರಾಬಾಯಿ ಚೀರಿದಳು. “ಕೈ ಮಾಡ್ಲತ್ತಾರ! ನಿಂದರಸು!”

“ಹೋಲ್ಡಾನ್!” ಎಂದಿತು ಮಚ್ಛೇಂದ್ರನದೇ ಬಾಯಿ. ಕೈ ಬ್ರೇಕ್ ಹಿಡಿಯಿತು. ಹಿಡಿದ ಮೇಲೆ ಬುದ್ಧಿ ಬಂತು, ಆದರೆ ರೈಲಿನಲ್ಲಿ ಹಿಡಿದ ಬ್ರೇಕು ಹಿಡಿದದ್ದೇ. ಗಾಡಿ ಕಿರುಗುಟ್ಟುತ್ತ ಹೋಗಿ ಸರಿಯಾಗಿ ಆ ಹೆಂಗಸಿನ ಎದುರಿಗೇ ನಿಂತಿತು. ಅಷ್ಟು ಚೆಂದವಾಗಿ ಅವನು ಯಾವ ಸ್ಟೇಷನ್ನಿನಲ್ಲೂ ನಿಲ್ಲಿಸಿರಲಿಲ್ಲ.

ಕೋಣೆಯವರೆಲ್ಲ ಕಾದರು. ಚಿತ್ರದ ಜನ ಹತ್ತಲಿಲ್ಲ. ಕೈ ಎತ್ತಿದವರು ಎತ್ತಿದ ಹಾಗೆಯೇ ನಿಂತಿದ್ದರು.

“ಮಚ್ಛೇಂದ್ರ ಭಾಯಿ” ಎಂದಿತು ಸ್ಪೀಕರು, “ಸಿಗ್ನಲ್ ಹಸರ ಅದ. ಗಾಡಿ ಯಾಕ ನಿಂತದರಿ?”

“ಮಂದಿ ಕೈ ಮಾಡಿದ್ರು ಸಾಹೇಬ್ರ.”

ಆ ಕಡೆಯಿಂದ ನಗು ಕೇಳಿಸಿತು. “ಅರೆ, ಅವ್ರು ಟಾಟಾ ಮಾಡ್ಲತ್ತಾರರಿ! ರೈಲ ಕಂಡ್ರ ಮಂದಿ ಟಾಟಾ ಮಾಡೂದಿಲ್ಲೇನು? ಏನ್ ಮಾಡ್ಲಿ, ಮೊದಲನೇದು ಹೋಯ್ತು ನಿಮ್ಮದು. ಇನ್ನೊಂದ ಉಳದದ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಚ್ಛೇಂದ್ರನಿಗೆ ಅಳುವೇ ಬಂದಂತಾಯಿತು. ಸಿಟ್ಟೂ ಬಂತು, ತನ್ನ ಮೇಲೆ, ಆ ಚಿತ್ರದ ಮಂದಿಯ ಮೇಲೆ, ಔರಾದ ರಸ್ತೆಯ ಮೇಲೆ. ನಗಬೇಕಾದ ಉಸ್ಮಾನ ಮಿಯಾ ನಗಲಿಲ್ಲ. “ನಾ ಇದ್ರೂ ನಿಂದರಸ್ತಿದ್ದೆ ಭಾಯಿ” ಎಂದ, ತಲೆ ತಗ್ಗಿಸಿ.

ಇನ್ನು ಉಪಾಯ ಒಂದೇ, ಆ ಮಂದಿಯನ್ನು ಅಳಿಸಿಬಿಡುವುದು. ಗೇಟು ಖಾಲಿಯಾದರೆ ಕೈ ಕಾಣುವುದಿಲ್ಲ, ಕೈ ಕಾಣದಿದ್ದರೆ ಬ್ರೇಕಿಲ್ಲ. ಮಚ್ಛೇಂದ್ರ ಗಂಟಿನ ಹೆಂಗಸಿನ ಮೇಲೆ ಬಾಣದ ಗುರುತು ತಂದಿಟ್ಟ. ಅಷ್ಟರಲ್ಲಿ ಸುಭದ್ರಾಬಾಯಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿ ನೋಡಿದಳು.

“ಇಕಿನ್ನ ಏನ್ ಮಾಡ್ಲತ್ತಿ?”

“ತೆಗೀತೇನಿ ಮೌಶಿ. ಇವ್ರಿದ್ರ ನನ್ನ ಕೈ ಕೇಳೂದಿಲ್ಲ.”

“ಗಾಡಿ ಮುಂದ ಬಂದ್ ನಿಂತ್ರೂ ಇಕಿ ಹತ್ತಲಿಲ್ಲಲ್ಲ?”

“ಹತ್ತೂದಿಲ್ಲರಿ. ಚಿತ್ರ ಅವು.”

“ಗಂಟ ತಲಿ ಮ್ಯಾಲ ಅದ, ಗಾಡಿ ಖಾಲಿ ಅದ, ಬಾಗಲಾ ಎದುರೇ ಅದ. ಆದ್ರೂ ಹತ್ತಲಿಲ್ಲ.” ಸುಭದ್ರಾಬಾಯಿಯ ದನಿ ಏರುತ್ತ ಹೋಯಿತು. “ಇಕಿ ಹೊಂಟಾಕಿ ಅಲ್ಲೋ ತಮ್ಮಾ! ಹೊಲದಾಗಿಂದ ಮನಿಗೆ ಹೊಂಟಾಕಿ. ಗಾಡ್ಯಾಗ ಬರವ್ರಿಗಿ ಕೈ ಮಾಡ್ಲತ್ತಾಳ, ಬರ್ರಿ ಅಂತ. ಇಕಿನ್ನ ತೆಗೀತಿ? ಒಂದ್ ಊರಾಗರೆ ಮಂದಿ ಇರ್ಲಿ ಬಿಡು!”

ಮಚ್ಛೇಂದ್ರ ಮೌಸಿನಿಂದ ಕೈ ತೆಗೆದ. ಅವಳ ಮುಖ ನೋಡಿದ. ಹೋಳಿಗೆ ಹಂಚಿದ ದಿನದ ಮಂಕು ಈಗ ಅಲ್ಲಿರಲಿಲ್ಲ, ಜಾತ್ರೆಗೆ ಹೊರಟ ಹುಡುಗಿಯ ಸಡಗರವಿತ್ತು. ತಾನು ಕಟ್ಟಿದ ದಾರಿಯಲ್ಲಿ ತಾನೇ ಕಾಣದ್ದನ್ನು ಅವಳು ಕಂಡಿದ್ದಳು.

“ಸಾಹೇಬ್ರ” ಎಂದ ಸ್ಪೀಕರಿಗೆ, “ಎರಡನೇ ಸಲ ಬರ್ತೇನಿ. ಮಂದಿ ಅಲ್ಲೇ ಇರ್ತಾರ.”

“ವಿಚಾರ ಮಾಡ್ರಿ. ಇದು ಹೋದ್ರ ಮುಂದಿನ ವರ್ಷ.”

“ಗೊತ್ತದರಿ.”

ಗಾಡಿ ಮತ್ತೆ ಬೀದರ ಬಿಟ್ಟಿತು. ಈ ಸಲ ಕೋಣೆಯಲ್ಲಿ ಯಾರೂ ಕೂತಿರಲಿಲ್ಲ. ಖಾನಾಪುರಕ್ಕೆ ಬರುವಾಗ ಕರೆಂಟು ಹೋಯಿತು, ಇನ್ವರ್ಟರ್ ಕಿರ್ ಎಂದು ಹಿಡಿದುಕೊಂಡಿತು, ಉಸ್ಮಾನ ಮಿಯಾ ಯಾರೋ ಹೊಗಳಿದರೇನೋ ಎಂಬಂತೆ ಸುತ್ತ ನೋಡಿದ. ಹಲಬರ್ಗಾ ಆಯಿತು. ಹೊರಗೆ ಟ್ಯಾಂಕರಿನ ಹಾರ್ನ್ ಕೇಳಿಸಿತು, ಒಬ್ಬಳೂ ಕೊಡ ಹಿಡಿಯಲು ಓಡಲಿಲ್ಲ. ಆ ಬರದ ಕಾಲದಲ್ಲಿ ಚಿದ್ರಿಯಲ್ಲಿ ಇಂಥದ್ದು ಆದದ್ದು ಅದೊಂದೇ ಸಲ.

ಗೇಟು ಬಂತು. ಕೈಗಳು ಎದ್ದವು. ಮಚ್ಛೇಂದ್ರನ ಬೆರಳು ಬ್ರೇಕಿನ ಮೇಲೆ ಹೋಯಿತು. ಬೆನ್ನ ಹಿಂದೆ ಸುಭದ್ರಾಬಾಯಿ ಉಸಿರು ಬಿಡದೆ ನಿಂತಿದ್ದು ಅವನಿಗೆ ಗೊತ್ತಿತ್ತು. ಅವನು ಬೆರಳನ್ನು ಸರಿಸಿ ಹಾರ್ನ್ ಒತ್ತಿದ. ಉದ್ದಕ್ಕೆ ಒತ್ತಿದ. “ಟಾಟಾ!” ಎಂದು ಸುಭದ್ರಾಬಾಯಿ ಎರಡೂ ಕೈ ಎತ್ತಿದಳು. ಮರುಕ್ಷಣ ಕೋಣೆಯ ತುಂಬ ಕೈಗಳು. ಶಾಲುಬಾಯಿ, ಓಣಿಯ ಹೆಂಗಸರು, ಕಾಲಿನ ಕೆಳಗೆ ನಡುಗದ ಗಾಡಿಯನ್ನು ಗಾಡಿಯೇ ಅಲ್ಲವೆಂದ ಉಸ್ಮಾನ ಮಿಯಾ, ಎಲ್ಲರೂ ಆ ಚಿತ್ರದ ಮಂದಿಗೆ ಕೈ ಬೀಸಿ ಕೂಗಿದರು. ಗಂಟು ಹೊತ್ತವಳು ಕಿಟಕಿಯ ಪಕ್ಕದಿಂದ ಹಿಂದೆ ಸರಿದು ತನ್ನ ಹೊಲದ ಹತ್ತಿರವೇ ಉಳಿದಳು.

ಭಾಲ್ಕಿಯ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಗುರುತಿನ ಮೇಲೆ ನಿಂತಿತು.

“ಪಾಸ್” ಎಂದ ರಶೀದ ಅಹ್ಮದ. ಆಮೇಲೆ, ಪರೀಕ್ಷೆ ಮಾಡುವವನು ಆಡಬಾರದ ಮಾತು ಎಂಬಂತೆ ದನಿ ತಗ್ಗಿಸಿ, “ನಾನೂ ಇಲ್ಲಿ ಕುಂತು ಕೈ ಮಾಡ್ದೆ ಭಾಯಿ” ಎಂದ.

ಮಚ್ಛೇಂದ್ರ ಕುಣಿದೇಬಿಟ್ಟ. ಉಸ್ಮಾನ ಮಿಯಾ ಅವನನ್ನು ಎತ್ತಿಕೊಳ್ಳಲು ಹೋಗಿ ಸೊಂಟ ಹಿಡಿದುಕೊಂಡ. ಶಾಲುಬಾಯಿ ಎಲ್ಲರ ಬಾಯಿಗೂ ಸಕ್ಕರೆ ಹಾಕುತ್ತ ಬಂದಳು. ಅಷ್ಟು ಹೊತ್ತಿಗೆ ಹೆಂಗಸರಿಗೆ ಟ್ಯಾಂಕರಿನ ನೆನಪಾಗಿ ಕೊಡಗಳ ಸದ್ದು ಸುರುವಾಯಿತು.

ಆ ಗದ್ದಲದಲ್ಲಿ ಸುಭದ್ರಾಬಾಯಿ ಅಂಗಳಕ್ಕೆ ಹೋಗಿ ಮಗಳಿಗೆ ಫೋನು ಹಚ್ಚಿದ್ದಳು. ಫೋನಿಲ್ಲದೆಯೂ ಪುಣೆಗೆ ಕೇಳಬೇಕು, ಹಾಗೆ ಮಾತಾಡುವುದು ಅವಳ ರೂಢಿ.

“ಕೌಸಲ್ಯಾ, ಉಂಡೇನವ್ವ? ನಾ ಇವತ್ತ ಗಾಡ್ಯಾಗ ಭಾಲ್ಕಿಗೆ ಹೋಗಿ ಬಂದೀನಿ. ಇಲ್ಲೇ, ಮಚ್ಛೇಂದ್ರನ ಮನ್ಯಾಗ ಕುಂತೇ ಹೋಗೀನಿ. ತೊಗರಿ ಭೇಷ ಬಂದದ. ಗೇಟಿನ ಹತ್ರ ಒಬ್ಬಾಕಿ ಹೆಣ್ಮಗಳು ನಿಂತಾಳ, ನಿನ್ನಂಗೇ ಅದಾಳ ನೋಡು, ತಲಿ ಮ್ಯಾಲ ಗಂಟ. ಗಾಡಿ ತಂದು ಅಕಿ ಮುಂದೇ ನಿಂದರಸಿದ್ರೂ ಹತ್ತಲಿಲ್ಲವ್ವ.”

ಆ ಕಡೆಯಿಂದ ಕೆಲಸದ ಜಾಗದ ಸದ್ದು, ಯಾರೋ ಕಬ್ಬಿಣ ಬಡಿಯುತ್ತಿದ್ದರು. ಅದು ನಿಂತ ಮೇಲೆ ಕೌಸಲ್ಯಾಳ ದನಿ ಬಂತು.

“ಅಕಿ ಶಾಣ್ಯಾಕಿ ಬಿಡವ್ವ.”

ಸುಭದ್ರಾಬಾಯಿ ಫೋನು ಕಿವಿಗಿಟ್ಟುಕೊಂಡೇ ಅಂಗಳದಲ್ಲಿ ಕೂತಳು. ಒಳಗೆ ಮಚ್ಛೇಂದ್ರ ಎಲ್ಲರನ್ನೂ ಕೂಗಿ ಕರೆಯುತ್ತಿದ್ದ. ಜಬಲಪುರದ ಯಾರೋ ಒಬ್ಬರು ಆಗಲೇ ಬೀದರ ಬಿಟ್ಟು ಭಾಲ್ಕಿಯ ಕಡೆ ಬರುತ್ತಿದ್ದರು.